ಅಜ್ಜಾರ ಮಾಳಿಗೆ: ನಾನೇ ಮೆತ್ತಿದ ಸಿಮೆಂಟನ್ನು ನಾನೇ ಕೆತ್ತಿದ ಏಳು ತಿಂಗಳು

1986ರ ಬೇಸಿಗೆಯಲ್ಲಿ ಅಜ್ಜಾರ ಮನೆಯ ಗೋಡೆಗೆ ಸಿಮೆಂಟು ಮೆತ್ತಿಸಿದವನು ನಾನೇ. ಆಗ ನನಗೆ ಇಪ್ಪತ್ತೆರಡು. ಸಿವಿಲ್ ಡಿಪ್ಲೊಮಾ ಮುಗಿದು ಆರು ತಿಂಗಳಾಗಿತ್ತು. ಕಲಿತದ್ದನ್ನು ಯಾವುದಾದರೂ ಗೋಡೆಯ ಮೇಲೆ ತೋರಿಸಬೇಕೆಂಬ ಹುರುಪು. ಭಕ್ತರು ಸಿಮೆಂಟಿನ ಚೀಲ ಕೊಟ್ಟರು, ಹುಡುಗರು ಮರಳು ಹೊತ್ತರು, ನಾನು ಪುಗಸಟ್ಟೆ ಮೇಲುಸ್ತುವಾರಿ ಮಾಡಿದೆ. ‘ಇನ್ನ ನೂರು ವರ್ಷ ಈ ಗ್ವಾಡಿ ಅಲುಗಾಡಂಗಿಲ್ಲ’ ಎಂದು ಕಟ್ಟೆಯ ಮೇಲೆ ನಿಂತು ಹೇಳಿದ್ದು ಇಂದಿಗೂ ನೆನಪಿದೆ. ಮೂವತ್ತೇಳು ವರ್ಷದ ಮೇಲೆ, 2023ರ ಡಿಸೆಂಬರಿನಲ್ಲಿ, ಅದೇ ಗೋಡೆಯ ಮುಂದೆ ಉಳಿ-ಸುತ್ತಿಗೆ ಹಿಡಿದು ಕೂತೆ.

ಮನೆ ಬಾದಾಮಿ ಸೀಮೆಯದು. ಊರಿನ ಹೆಸರು, ಮಠದ ಹೆಸರು ಬರೆಯಬೇಡಿ ಎಂದು ಟ್ರಸ್ಟಿನವರು ಹೇಳಿದ್ದಾರೆ. ಕಾರಣ ಮುಂದೆ ಗೊತ್ತಾಗುತ್ತದೆ. ಅಜ್ಜಾರು ಅಂದರೆ ಮಠದ ಹಿಂದಿನ ವಿರಕ್ತ ಸ್ವಾಮಿಗಳು. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರ ತೆರೆದ ಮೇಲೆ ಈ ಸೀಮೆಯ ಮಠಗಳಿಗೆ ಹೊಸ ಗಾಳಿ ಬೀಸಿತಲ್ಲ, ಆ ಗಾಳಿಯಲ್ಲಿ ಬೆಳೆದವರು. ಮಠದ ದೊಡ್ಡ ಕಟ್ಟಡವನ್ನು ಓದುವ ಹುಡುಗರ ಪ್ರಸಾದನಿಲಯಕ್ಕೆ ಬಿಟ್ಟುಕೊಟ್ಟು, ತಾವು ಪಕ್ಕದ ಮಾಳಿಗೆ ಮನೆಯಲ್ಲಿದ್ದರು. ಕೆಂಪು ಮರಳುಗಲ್ಲು, ಕಲ್ಲಿನ ನಡುವೆ ಮಣ್ಣು, ಎರಡೂವರೆ ಅಡಿ ದಪ್ಪದ ಗೋಡೆ, ನಾಲ್ಕು ಅಂಕಣ, ಮೇಲೆ ಮಣ್ಣು ಹೊದ್ದ ಮಾಳಿಗೆ. ಅವರು ಲಿಂಗೈಕ್ಯರಾದ ಮೇಲೆ ಮನೆಗೆ ಬೀಗ ಬಿತ್ತು, ಆಮೇಲೆ ಅದು ಕಾಳಿನ ಗೋದಾಮಾಯಿತು, ಆಮೇಲೆ ನನ್ನ ಸಿಮೆಂಟು. ಅವರು ಇದ್ದ ಹಾಗೇ ಮನೆಯನ್ನು ಉಳಿಸಿ ಜನರಿಗೆ ತೋರಿಸಬೇಕೆಂಬುದು ಈಗಿನ ಸ್ವಾಮಿಗಳ ಆಸೆ.

‘ಸ್ಥಾವರಕ್ಕ ಯಾಕ ಇಷ್ಟ ಬಡದಾಡ್ತೀರಿ?’ ಎಂದು ಊರಿನ ಹಿರಿಯರೊಬ್ಬರು ಮೊದಲ ದಿನವೇ ಕೇಳಿದರು. ಶರಣರ ಮಠದಲ್ಲಿ ಆ ಪ್ರಶ್ನೆ ಬರಲೇಬೇಕು. ನನ್ನ ಹತ್ತಿರ ಉತ್ತರ ಇರಲಿಲ್ಲ; ನನ್ನದು ಸಾಲ ತೀರಿಸುವ ಕೆಲಸ ಅಂದೆ.

ಡಿಸೆಂಬರ್: ಬರೀ ನೋಡಿದ್ದು

ಮೊದಲ ತಿಂಗಳು ಏನನ್ನೂ ಮುಟ್ಟಲಿಲ್ಲ. ಗೋಡೆಗೋಡೆಯ ಚಿತ್ರ ಬರೆದೆ, ಒಂದೊಂದು ಕಲ್ಲನ್ನೂ. ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರೆ ಸಿಮೆಂಟು ಎಲ್ಲಿ ಗೋಡೆ ಬಿಟ್ಟು ನಿಂತಿದೆ ಎಂದು ಕಿವಿಗೇ ಗೊತ್ತಾಗುತ್ತದೆ. ಡೊಳ್ಳು ಬಡಿದ ಹಾಗೆ ಡಬಡಬ ಅನ್ನುತ್ತದೆ. ಅರ್ಧಕ್ಕಿಂತ ಹೆಚ್ಚು ಗೋಡೆ ಡೊಳ್ಳಾಗಿತ್ತು.

ನೆಲದ ತೇವವನ್ನು ಕಲ್ಲು ಮತ್ತು ಮಣ್ಣಿನ ಗೋಡೆ ಬತ್ತಿ ಎಣ್ಣೆ ಹೀರಿದಂತೆ ಹೀರುತ್ತದೆ. ಮೊದಲು ಸುಣ್ಣದ ಗಿಲಾವು ಇತ್ತು. ಹೀರಿದ ನೀರು ಅದರ ಮೈಯಿಂದ ಆವಿಯಾಗಿ ಹೋಗುತ್ತಿತ್ತು, ತೇವ ಎರಡಡಿಗಿಂತ ಮೇಲೆ ಏರುತ್ತಿರಲಿಲ್ಲ. ಹಳೆಯ ಕಲೆಯ ಗೆರೆ ಕೊಟ್ಟಿಗೆಯ ಕಡೆಯ ಗೋಡೆಯಲ್ಲಿ ಇನ್ನೂ ಕಾಣುತ್ತದೆ, ಅಲ್ಲಿಗೆ ನನ್ನ ಸಿಮೆಂಟು ಮುಟ್ಟಿರಲಿಲ್ಲ. ಮುಟ್ಟಿದ ಕಡೆ ನೀರಿಗೆ ಹೊರಬರಲು ದಾರಿಯಿಲ್ಲ. ಅದು ಮೇಲೆ ಮೇಲೆ ಏರಿ ನಾಲ್ಕೂವರೆ ಅಡಿಗೆ ಮುಟ್ಟಿ, ಅಲ್ಲಿ ಸಿಮೆಂಟು ಮುಗಿದಲ್ಲಿ ಹೊರಬಿದ್ದಿತ್ತು. ಹೊರಬೀಳುವಾಗ ಉಪ್ಪನ್ನೂ ತರುತ್ತದೆ. ಉಪ್ಪು ಹರಳುಗಟ್ಟುವಾಗ ಉಬ್ಬುತ್ತದೆ, ಉಬ್ಬಿದ್ದು ಮರಳುಗಲ್ಲಿನ ಮೈಯನ್ನು ಒಳಗಿನಿಂದ ಒಡೆಯುತ್ತದೆ. ಆ ಗೆರೆಯ ಗುಂಟ ಕಲ್ಲು ಕೈಯಿಟ್ಟರೆ ಸಕ್ಕರೆಯಂತೆ ಉದುರುತ್ತಿತ್ತು. ಮೇಲಿಂದ ಮನೆಯ ಸುತ್ತ ಮೂರಡಿ ಅಗಲದ ಕಾಂಕ್ರೀಟು ಬೇರೆ ಹಾಕಿಸಿದ್ದೆ, ‘ನೀರು ಬುಡಕ್ಕೆ ಹೋಗಬಾರದು’ ಅಂತ. ಬುಡದಲ್ಲಿ ಇದ್ದ ನೀರು ಏಳುವ ದಾರಿಯೂ ಅಲ್ಲಿಗೆ ಮುಚ್ಚಿತು, ಉಳಿದದ್ದು ಗೋಡೆಯೊಂದೇ.

ಬಿರುಕುಗಳಿಗೆ ಗಾಜಿನ ಪಟ್ಟಿ ಕಟ್ಟಿದೆ. ಕಿಟಕಿಗಾಜಿನ ತೆಳು ಚೂರನ್ನು ಬಿರುಕಿಗೆ ಅಡ್ಡವಿಟ್ಟು ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ ತಾರೀಖು ಬರೆಯುವುದು. ಗಾಜು ಒಡೆದರೆ ಬಿರುಕು ಇನ್ನೂ ಜೀವಂತ. ಐದರಲ್ಲಿ ನಾಲ್ಕು ಗಟ್ಟಿ ನಿಂತವು. ನಡುಮನೆಯ ಬಾಗಿಲ ಮೇಲಿನದು ಹದಿನೇಳನೆಯ ದಿನ ಚಟ್ಟನೆ ಸೀಳಿತು. ಅದರ ನೇರ ಮೇಲೆ ದೊಡ್ಡ ತೊಲೆಯ ತುದಿ ಗೋಡೆಯಲ್ಲಿ ಕೂತಿತ್ತು. ಹಾಗಾಗಿ ಈ ಬಿರುಕಿನ ರೋಗ ಮಾಳಿಗೆಯದು, ಗೋಡೆಯದಲ್ಲ ಎಂದು ಅಲ್ಲಿಗೇ ಗೊತ್ತಾಯಿತು.

ಜನವರಿ

ಇಂಥ ಮನೆಗಳನ್ನು ಬೇರೆಯವರು ಹೇಗೆ ಇಟ್ಟಿದ್ದಾರೆ ನೋಡಿಕೊಂಡು ಬರೋಣ ಎಂದು ಇಬ್ಬರು ಟ್ರಸ್ಟಿಗಳ ಜೊತೆ ಹೊರಟೆ. ಚೆನ್ನೈನ ಮರೀನಾ ಎದುರಿನ ಐಸ್ ಹೌಸ್ 1842ರಲ್ಲಿ ಅಮೆರಿಕದಿಂದ ಹಡಗಿನಲ್ಲಿ ಬರುತ್ತಿದ್ದ ಮಂಜುಗಡ್ಡೆ ತುಂಬಿಡಲು ಕಟ್ಟಿದ ಉಗ್ರಾಣ. ಮಂಜಿನ ವ್ಯಾಪಾರ ನಿಂತ ಮೇಲೆ ವಕೀಲರೊಬ್ಬರು ಕೊಂಡು ಮನೆ ಮಾಡಿಕೊಂಡರು, 1897ರ ಫೆಬ್ರವರಿಯಲ್ಲಿ ವಿವೇಕಾನಂದರು ಅಲ್ಲಿ ಒಂಬತ್ತು ದಿನ ತಂಗಿದರು. ಈಗ ರಾಮಕೃಷ್ಣ ಮಠದವರು ನೋಡಿಕೊಳ್ಳುವ ಪ್ರದರ್ಶನಾಲಯ. ಕಲ್ಕತ್ತೆಯಲ್ಲಿ ವಿವೇಕಾನಂದರು ಹುಟ್ಟಿದ ಮನೆ ಪೂರಾ ಬೇರೆ ಕಥೆ. ಹತ್ತಾರು ಜನರ ಕೈಯಲ್ಲಿ ಹಂಚಿಹೋಗಿ ಜೀರ್ಣವಾಗಿದ್ದನ್ನು ರಾಮಕೃಷ್ಣ ಮಿಷನ್ ಬಿಡಿಸಿಕೊಂಡು, ಮತ್ತೆ ನಿಲ್ಲಿಸಿ, 2004ರಲ್ಲಿ ತೆರೆಯಿತು. ಟ್ರಸ್ಟಿಗಳು ದೀಪಾಲಂಕಾರ ನೋಡಿದರು. ನಾನು ವೈರು ಎಲ್ಲಿ ಅಡಗಿಸಿದ್ದಾರೆ, ಚಪ್ಪಲಿ ಎಲ್ಲಿ ಬಿಡಿಸುತ್ತಾರೆ, ಜನ ಕೈ ಚಾಚಿದಾಗ ಕಾವಲುಗಾರ ಏನು ಮಾಡುತ್ತಾನೆ ಎಂದು ನೋಡಿದೆ. ಕೈ ಚಾಚುವುದನ್ನು ಯಾರೂ ನಿಲ್ಲಿಸಲಾರರು ಎಂಬುದೊಂದು ಖಾತ್ರಿಯಾಯಿತು.

ಬಂದ ಮರುದಿನ ಸುಣ್ಣದ ಗುಂಡಿ ತೋಡಿಸಿದೆ. ಲೋಕಾಪುರದ ಕಡೆಯ ಸುಣ್ಣದಕಲ್ಲು, ಸುಟ್ಟದ್ದು. ಸುಟ್ಟ ಸುಣ್ಣ ನೀರಿಗೆ ಬಿದ್ದರೆ ಕುದಿಯುತ್ತದೆ ಎಂದು ಪುಸ್ತಕದಲ್ಲಿ ಓದಿದವನಿಗೂ ಮೊದಲ ಸಲ ಎದುರು ನಿಂತಾಗ ಎದೆ ಝಲ್ಲೆಂದಿತು. ಹತ್ತು ನಿಮಿಷ ಸುಮ್ಮನಿದ್ದ ಕಲ್ಲು ಒಮ್ಮೆಲೇ ಬುಸುಗುಟ್ಟಿ ಉಗಿ ಬಿಟ್ಟು, ಒಡೆದು, ಮೊಸರಾಯಿತು. ಕಣ್ಣಿಗೆ ಕನ್ನಡಕ ಇಲ್ಲದೆ ಹತ್ತಿರ ಹೋಗಬೇಡಿ. ನಮ್ಮ ಹುಡುಗನೊಬ್ಬನ ಮುಂಗೈ ಮೇಲೆ ಇನ್ನೂ ಎರಡು ಬಿಳಿ ಚುಕ್ಕೆ ಇವೆ. ಮೇಲೆ ಎರಡು ಬೆರಳು ನೀರು ನಿಲ್ಲಿಸಿ, ಗೋಣಿ ಹೊದಿಸಿ, ನಲವತ್ತೈದು ದಿನ ಬಿಟ್ಟೆವು. ಮೂರು ವಾರ ಸಾಕು ಅನ್ನುತ್ತಾರೆ. ಹೆಚ್ಚು ಕೊಳೆತಷ್ಟೂ ಬೆಣ್ಣೆಯಾಗುತ್ತದೆ ಎಂದು ಗಾರೆ ಕೆಲಸದ ಮುದುಕರು ಹೇಳಿದರು, ನಾನು ಮುದುಕರ ಮಾತು ಕೇಳಿದೆ. 1986ರಲ್ಲಿ ಕೇಳಿರಲಿಲ್ಲ.

ಕೆತ್ತುವ ಕೆಲಸ, ಮತ್ತು ಕಪಾಟಿನ ಹಿಂದೆ ಸಿಕ್ಕದ್ದು

ಸಿಮೆಂಟನ್ನು ದೊಡ್ಡ ಸುತ್ತಿಗೆಯಿಂದ ಬಡಿದು ಬೀಳಿಸಿದರೆ ಕಲ್ಲಿನ ಮೈಯೂ ಅದರ ಜೊತೆ ಬರುತ್ತದೆ. ಅರ್ಧ ಇಂಚಿನ ಉಳಿ, ಅರ್ಧ ಕಿಲೋದ ಸುತ್ತಿಗೆ, ಗೋಡೆಗೆ ಓರೆಯಾಗಿ ಹಿಡಿದು ಅಂಚಿನಿಂದ ಎಬ್ಬುತ್ತಾ ಹೋಗಬೇಕು. ದಿನಕ್ಕೆ ಒಬ್ಬ ಆಳು ಹೆಚ್ಚೆಂದರೆ ಹತ್ತು ಚದರಡಿ. ಡೊಳ್ಳಾಗಿದ್ದ ಕಡೆ ಹಪ್ಪಳದಂತೆ ಎದ್ದು ಬಂತು. ಬಿಗಿಯಾಗಿದ್ದ ಕಡೆ ನನ್ನ ಹಳೆಯ ಪ್ರಾಮಾಣಿಕತೆಯನ್ನು ನಾನೇ ಬೈದುಕೊಂಡೆ. ಕಳಪೆ ಕೆಲಸ ಮಾಡಿಸಿದ್ದರೆ ಇಷ್ಟು ಹೊತ್ತಿಗೆ ತಾನಾಗಿ ಉದುರಿರುತ್ತಿತ್ತು!

ಫೆಬ್ರವರಿ ಎರಡನೆಯ ವಾರ ಒಳಮನೆಯ ಸಾಗವಾನಿ ಕಪಾಟನ್ನು ಸರಿಸಿದೆವು. ಗೋದಾಮಿನ ಕಾಲದಲ್ಲಿ ತಂದು ನಿಲ್ಲಿಸಿದ ಕಪಾಟು. 1986ರಲ್ಲಿ ಅದನ್ನು ಎತ್ತಲು ಬೇಸರಪಟ್ಟು ಅದರ ಸುತ್ತ ಮಾತ್ರ ಸಿಮೆಂಟು ಮಾಡಿಸಿದ್ದೆ. ಆ ಸೋಮಾರಿತನಕ್ಕೆ ಈಗ ಕೈ ಮುಗಿಯುತ್ತೇನೆ. ಹಿಂದೆ ಮೂರೂವರೆ ಅಡಿ ಅಗಲ, ಆರಡಿ ಎತ್ತರದ ಹಳೆಯ ಸುಣ್ಣದ ಗಿಲಾವು ಹಾಗೇ ಉಳಿದಿತ್ತು. ಕಿಟಕಿಯ ಬಲಕ್ಕೆ, ನೆಲದಿಂದ ಎರಡು ಮುಕ್ಕಾಲು ಅಡಿ ಎತ್ತರದಲ್ಲಿ, ಅಂಗೈಗಿಂತ ದೊಡ್ಡದಾದ ಕಂದುಬಣ್ಣದ ಕಲೆ. ನಡುವೆ ಗಾಢ, ಅಂಚಿಗೆ ಹೋಗುತ್ತಾ ತಿಳಿ. ಕೆಳಗೆ ಗಿಲಾವು ಬೆನ್ನಿನಗಲಕ್ಕೆ ನುಣುಪಾಗಿತ್ತು, ಓರೆ ಬೆಳಕು ಬಿಟ್ಟು ನೋಡಿದರೆ ಸಣ್ಣ ಹೊಳಪು. ಅಜ್ಜಾರು ಕಿಟಕಿಯ ಬೆಳಕಿಗೆ ಪುಸ್ತಕ ಹಿಡಿದು ಗೋಡೆಗೆ ಒರಗಿ ಕೂರುತ್ತಿದ್ದ ಜಾಗ. ವರ್ಷಗಟ್ಟಲೆ ತಲೆ ಒರಗಿದ ಎಣ್ಣೆ.

ಕಲೆಯ ಪಕ್ಕ, ಬಲಗೈ ನಿಲುಕುವಲ್ಲಿ, ಪೆನ್ಸಿಲಿನಲ್ಲಿ ಲೆಕ್ಕ. ಜೋಳ 14, ಗೋಧಿ 3, ತೊಗರಿ 2. ಅಡ್ಡಗೆರೆ ಎಳೆದು ಕೆಳಗೆ ‘ಹುಡುಗರು 61’. ಅದರ ಮುಂದೆ ಒಂದೇ ಪದ: ‘ಸಾಲದು’.

ಆವತ್ತು ಕೆಲಸ ನಿಲ್ಲಿಸಿದೆ. ಮರುದಿನ ಬೆಳಗ್ಗೆ ಏಳಕ್ಕೆ ಹೋದರೆ ಒಳಮನೆಯಲ್ಲಿ ಆಗಲೇ ಹನ್ನೊಂದು ಜನ, ಕಲೆಯ ಮೇಲೆ ವಿಭೂತಿಯ ಮೂರು ಬೆರಳ ಗುರುತು.

ಮೊದಲು ವಿಭೂತಿ ತೆಗೆಯಬೇಕು. ಒದ್ದೆ ಬಟ್ಟೆ ಮುಟ್ಟಿಸುವಂತಿಲ್ಲ, ಬೂದಿ ಗಿಲಾವಿನ ರಂಧ್ರಕ್ಕೆ ಇಳಿದುಬಿಡುತ್ತದೆ. ಮೆತ್ತನೆಯ ಮೇಕೆಗೂದಲ ಕುಂಚದಿಂದ ಎರಡು ದಿನ ಗುಡಿಸಿದೆ, ಸಾಲಿನ ಮೇಲೆ ಸಾಲು. ಮುಕ್ಕಾಲು ಪಾಲು ಹೋಯಿತು. ಉಳಿದದ್ದು ಇದೆ, ಇರಲಿ. ಅದೂ ಈಗ ಆ ಗೋಡೆಯದೇ. ಗಿಲಾವಿನ ಅಂಚು ಗೋಡೆ ಬಿಟ್ಟಿತ್ತು. ತೆಳ್ಳಗೆ ಸೋಸಿದ ಸುಣ್ಣದ ಹಾಲನ್ನು ದನದ ಡಾಕ್ಟರು ಬಳಸುವ ದಪ್ಪ ಸಿರಿಂಜಿನಲ್ಲಿ ತುಂಬಿ ಹಿಂದಿನ ಸಂದಿಗೆ ಬಿಟ್ಟು, ಹಲಗೆಗೆ ಹತ್ತಿ ಸುತ್ತಿ ಒತ್ತಿ ಹಿಡಿದು ರಾತ್ರಿ ಬಿಟ್ಟೆ. ಹಾಗೆ ಒಂಬತ್ತು ಕಡೆ. ವಾರ್ನಿಷು ಹೊಡೆದು ಭದ್ರ ಮಾಡೋಣ ಅಂದರು. ಬೇಡ ಅಂದೆ. ವಾರ್ನಿಷು ಹಳದಿಯಾಗುತ್ತದೆ, ಉಸಿರು ಕಟ್ಟಿಸುತ್ತದೆ. ಒಂದು ಸಲ ಉಸಿರು ಕಟ್ಟಿಸಿದ್ದು ಸಾಕು.

ಒಬ್ಬ ದಾನಿಗಳು ಬೆಳ್ಳಿಯ ಚೌಕಟ್ಟು ಮಾಡಿಸಿಕೊಡುತ್ತೇನೆಂದು ಬಂದರು. ಇನ್ನೊಬ್ಬರು ಇಡೀ ಕೋಣೆಗೆ ಗ್ರಾನೈಟು. ‘ಅಜ್ಜಾರ ಮನಿಗೆ ಗ್ರಾನೈಟ್ ಹಚ್ಚಿದ್ರ ಏನ ತಪ್ಪರೀ? ಭಕ್ತರ ಮನ್ಯಾಗೆಲ್ಲಾ ಐತಿ’ ಎಂದರು. ಪ್ರೀತಿಯಿಂದಲೇ ಕೇಳಿದ್ದು. ನಾನು ಅವರನ್ನು ಗೋಡೆಯ ಮುಂದೆ ಕರೆದೊಯ್ದು ಪೆನ್ಸಿಲಿನ ಆ ಕೊನೆಯ ಪದ ತೋರಿಸಿದೆ. ಅವರು ಏನೂ ಅನ್ನಲಿಲ್ಲ. ಮುಂದಿನ ವಾರ ಪ್ರಸಾದನಿಲಯಕ್ಕೆ ಇಪ್ಪತ್ತು ಚೀಲ ಜೋಳ ಇಳಿಯಿತು. ಹೆಸರು ಬರೆಯಬೇಡಿ ಎಂದು ಟ್ರಸ್ಟಿನವರು ಹೇಳಿದ್ದು ಇಂಥವರು ಸಾಲುಗಟ್ಟಿಯಾರೆಂದು. ಗ್ರಾನೈಟ್ ಹೊತ್ತ ಲಾರಿಯನ್ನು ವಾಪಸು ಕಳಿಸುವುದು ತೊಲೆ ಎತ್ತುವುದಕ್ಕಿಂತ ಕಷ್ಟ.

ಮಾರ್ಚ್: ಉದುರಿದ ಗಿಲಾವು

ಕೆತ್ತಿ ಮುಗಿದ ಮೇಲೆ ಸುತ್ತಲಿನ ಕಾಂಕ್ರೀಟು ಒಡೆಸಿ ಆ ಜಾಗದಲ್ಲಿ ಎರಡಡಿ ಆಳದ ಕಾಲುವೆ ತೋಡಿ ಜಲ್ಲಿ ತುಂಬಿದೆವು. ಉಪ್ಪು ಹಿಡಿದ ಕಲ್ಲಿಗೆ ಹಳೆಯ ಪೇಪರು ನೆನೆಸಿ ಅರೆದ ಹಿಟ್ಟು ಮೆತ್ತಿ, ಒಣಗಿದ ಮೇಲೆ ಸುಲಿದೆವು. ಕಲ್ಲಿನ ಉಪ್ಪು ನೀರಿನ ಜೊತೆ ಹಿಟ್ಟಿಗೆ ಬಂದು, ಹಿಟ್ಟಿನ ಜೊತೆ ಹೋಗುತ್ತದೆ. ಮೂರು ಸಲ ಮಾಡಿದೆವು.

ಗಾರೆಗೆ ಒಂದು ಪಾಲು ಸುಣ್ಣ, ಎರಡು ಪಾಲು ಮರಳು, ಒಂದು ಪಾಲು ಇಟ್ಟಿಗೆ ಪುಡಿ. ಇಟ್ಟಿಗೆ ಪುಡಿ ಇದ್ದರೆ ತೇವದಲ್ಲೂ ಗಾರೆ ಗಟ್ಟಿಯಾಗುತ್ತದೆ. ಕಲಸುವ ನೀರಿಗೆ ಅಳಲೆಕಾಯಿ ಜಜ್ಜಿ ಬೆಲ್ಲದ ಜೊತೆ ಹತ್ತು ದಿನ ಕೊಳೆಹಾಕಿದ್ದು. ವಾಸನೆಗೆ ಪ್ರಸಾದನಿಲಯದ ಹುಡುಗರು ಆ ಕಡೆಯ ಕಿಟಕಿ ತೆರೆಯಲಿಲ್ಲ. ಎತ್ತು ಕಟ್ಟಿ ತಿರುಗಿಸುವ ಗಾರೆಯ ಗಾಣ ಈಗ ಎಲ್ಲಿದೆ! ರುಬ್ಬುವ ಯಂತ್ರ ಬಾಡಿಗೆಗೆ ತಂದೆವು.

ಇಷ್ಟೆಲ್ಲ ಮಾಡಿ ಪಡುವಣ ಗೋಡೆಯ ಮೊದಲ ಪದರ ಒಂಬತ್ತೇ ದಿನಕ್ಕೆ ಜೇಡರ ಬಲೆಯಂತೆ ಬಿರಿದು, ಅಂಗೈಯಗಲ ಚಕ್ಕೆಯಾಗಿ ಬಿತ್ತು. ಸುಣ್ಣ ಸಿಮೆಂಟಿನ ಹಾಗೆ ನೀರು ಕುಡಿದು ಗಟ್ಟಿಯಾಗುವುದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಮತ್ತೆ ಕಲ್ಲಾಗಬೇಕು, ಹೀರಲು ಒಳಗೆ ಸ್ವಲ್ಪ ತೇವ ಇರಲೇಬೇಕು. ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಮಾರ್ಚಿಯ ಬಿಸಿಲಿಗೆ ಪಡುವಣ ಗೋಡೆಯನ್ನು ಬರಿಮೈಯಲ್ಲಿ ಬಿಟ್ಟಿದ್ದೆ. ಬಿದ್ದ ಚಕ್ಕೆಯ ಮುರಿದ ಅಂಚಿಗೆ ಫಿನಾಲ್ಫ್ಥಲೀನ್ ಎಂಬ ಬಣ್ಣ ಬದಲಿಸುವ ರಾಸಾಯನಿಕದ ಹನಿ ಬಿಟ್ಟು ನೋಡಿದೆ. ಕಲ್ಲಾದ ಭಾಗ ಬಣ್ಣ ಬದಲಿಸುವುದಿಲ್ಲ, ಹಸಿ ಸುಣ್ಣ ಕೆಂಗುಲಾಬಿಯಾಗುತ್ತದೆ. ಚಕ್ಕೆ ಪೂರಾ ಗುಲಾಬಿ, ಹೊರಮೈಯಲ್ಲಿ ಮಾತ್ರ ಉಗುರಿನಷ್ಟು ತೆಳ್ಳಗೆ ಬಿಳಿ. ಒಣಗಿತ್ತು, ಗಟ್ಟಿಯಾಗಿರಲಿಲ್ಲ.

ಎರಡನೆಯ ಸಲ ಗೋಡೆಯನ್ನು ಹಿಂದಿನ ರಾತ್ರಿಯೇ ನೆನೆಸಿದೆವು. ಪದರ ಅರ್ಧ ಇಂಚಿಗಿಂತ ದಪ್ಪವಾಗಬಾರದೆಂದು ಕಟ್ಟುನಿಟ್ಟು ಮಾಡಿದೆ. ಹೊರಗೆ ಬಿದಿರ ಗಳಕ್ಕೆ ಗೋಣಿತಟ್ಟು ಇಳಿಬಿಟ್ಟು ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಿದೆವು, ಹದಿನೈದು ದಿನ. ಅದು ನಿಂತಿತು.

ಏಪ್ರಿಲ್–ಮೇ: ಮಾಳಿಗೆ

ರೋಹಿಣಿ ಮಳೆ ಕಾಲಿಡುವ ಮೊದಲು ಮಾಳಿಗೆ ಮುಚ್ಚಬೇಕು ಎಂಬ ಲೆಕ್ಕ. ಬಯಲುಸೀಮೆಯ ಮಾಳಿಗೆ ಗೊತ್ತಿರುವವರಿಗೆ ಹೊಸದೇನಿಲ್ಲ: ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಒತ್ತಾಗಿ ಹೊಂದಿಸಿದ ಸೀಳು ಕಟ್ಟಿಗೆ, ಬೇವಿನ ಸೊಪ್ಪು, ಮಣ್ಣು, ಮೇಲೆ ಕರಲು. ಕರಲು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದೊಡನೆ ಅದರ ಜೇಡಿ ಬಿಡಿಬಿಡಿಯಾಗಿ ಉಬ್ಬಿ ಸಂದಿಯನ್ನೆಲ್ಲ ಮುಚ್ಚುತ್ತದೆ, ನೀರು ಕೆಳಗಿಳಿಯುವುದಿಲ್ಲ. ಬೆಳೆ ಬಾರದ ಹಾಳು ಮಣ್ಣನ್ನೇ ಹುಡುಕಿ ತಲೆಯ ಮೇಲೆ ಹೊದ್ದುಕೊಂಡ ಹಿರಿಯರಿಗೆ ಯಾವ ಡಿಪ್ಲೊಮಾ ಇತ್ತು?

ಮಳೆ ಸೋರಿದಾಗಲೆಲ್ಲ ಮೇಲೊಂದಷ್ಟು ಮಣ್ಣು ಹಾಕುವುದು ರೂಢಿ. ಹಳೆಯದನ್ನು ಯಾರೂ ತೆಗೆಯುವುದಿಲ್ಲ. ನಡುಮನೆಯ ಮೇಲೆ ಸಲಿಕೆ ಹಾಕಿ ಕಡಿದು ನೋಡಿದರೆ ಒಂದೂವರೆ ಅಡಿ ದಪ್ಪ. ಗೋಡೆಯಂತೆ ಸೀಳಿದ ಆ ಅಂಚಿನಲ್ಲಿ ಪದರ ಪದರ ಕಾಣುತ್ತಿತ್ತು: ಕೆಂಪು, ಬೂದು, ಒಂದು ಕಪ್ಪು ಗೆರೆ, ಮತ್ತೆ ಕೆಂಪು, ಅದರ ಮೇಲೆ ಯಾರೋ ಹಾಸಿದ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸಿಮೆಂಟು ತಿಳಿ. (ಸಿಮೆಂಟು ತಿಳಿ ನನ್ನದು. ಪ್ಲಾಸ್ಟಿಕ್ ನನ್ನದಲ್ಲ.) ಬೂದು ಪದರದಲ್ಲಿ ಬಳಪದ ಚೂರುಗಳು ಸಿಕ್ಕವು, ಒಂದು ಮುಷ್ಟಿಯಷ್ಟು. ಬೇಸಿಗೆಯಲ್ಲಿ ಪ್ರಸಾದನಿಲಯದ ಹುಡುಗರು ಈ ಮಾಳಿಗೆಯ ಮೇಲೆ ಮಲಗುತ್ತಿದ್ದರಂತೆ.

ಹನ್ನೆರಡಡಿಗೆ ಇಪ್ಪತ್ತಡಿಯ ಅಂಕಣ, ಒಂದೂವರೆ ಅಡಿ ಮಣ್ಣು. ಹತ್ತು ಘನ ಮೀಟರಿಗೆ ಮೇಲಾಯಿತು. ತೂಕ ಹಾಕಿದರೆ ಸುಮಾರು 17 ಟನ್. ಮನೆ ಕಟ್ಟಿದವರು ಲೆಕ್ಕ ಹಿಡಿದದ್ದು ಆರಿಂಚಿಗೆ, ಅಂದರೆ ಆರು ಟನ್ನಿನ ಒಳಗೆ. ತೊಲೆ ಮುರಿಯದೆ ಇದ್ದದ್ದೇ ಪವಾಡ. ನಾಲ್ಕು ಟ್ರಾಕ್ಟರ್ ಟ್ರೇಲರ್ ಮಣ್ಣು ಇಳಿಸಿದೆವು, ಬುಟ್ಟಿಯಲ್ಲಿ, ಎರಡೂ ಬದಿಯಿಂದ ಸಮಸಮ, ಒಂದೇ ಕಡೆಯಿಂದ ಇಳಿಸಿದರೆ ತೊಲೆ ತಿರುಚುತ್ತದೆ. ದಾರ ಕಟ್ಟಿ ಅಳೆದಾಗ ತೊಲೆಯ ಬಾಗು 52 ಮಿಲಿಮೀಟರ್ ಇತ್ತು. ಮಣ್ಣು ಇಳಿದ ಮೇಲೆ ತಾನಾಗಿ 14 ಮಿಲಿಮೀಟರ್ ಮೇಲೆದ್ದಿತು. ಮರ ನಿಟ್ಟುಸಿರು ಬಿಟ್ಟಂತೆ ರಾತ್ರಿಯೆಲ್ಲ ಕಟಕಟ ಸದ್ದು. ಆಮೇಲೆ ಜಾಕಿ ಕೊಟ್ಟು ದಿನಕ್ಕೆ ಎರಡು ಮಿಲಿಮೀಟರಿನಂತೆ ಇನ್ನು ಹತ್ತು ಎತ್ತಿದೆ. ಅಲ್ಲಿಗೆ ನಿಲ್ಲಿಸಿದೆ. ಎಂಬತ್ತು-ತೊಂಬತ್ತು ವರ್ಷ ಬಾಗಿದ ಮರವನ್ನು ನೆಟ್ಟಗೆ ಮಾಡಹೊರಟರೆ ಸೀಳುತ್ತದೆ.

ಗೋಡೆಯೊಳಗೆ ಕೂತಿದ್ದ ತೊಲೆಯ ತುದಿ ಎರಡಡಿಯಷ್ಟು ಲಡ್ಡಾಗಿತ್ತು, ಉಳಿ ಬೆಣ್ಣೆಗೆ ಇಳಿದಂತೆ ಇಳಿಯಿತು. ಇಡೀ ತೊಲೆ ಬದಲಿಸಲು ಬಡಿಗ ತಯಾರಿದ್ದ, ನಾನು ಬಿಡಲಿಲ್ಲ. ಕೆಟ್ಟದ್ದನ್ನಷ್ಟೇ ಕೊಯ್ದು, ಕೆಡವಿದ ಇನ್ನೊಂದು ಮನೆಯ ಹಳೆ ಸಾಗವಾನಿ ತಂದು, ಉದ್ದನೆಯ ಓರೆ ಸಂದು ಕೂಡಿಸಿ ಮರದ ಮೊಳೆ ಹೊಡೆದೆವು. ಬೋರಾಕ್ಸು-ಬೋರಿಕ್ ಆಸಿಡ್ ನೀರನ್ನು ಮೂರು ಕೈ ಹಚ್ಚಿದ್ದು ಗೆದ್ದಲಿಗೆ. ಹೊಸ ತುಂಡಿನ ಮೇಲ್ಮೈಯಲ್ಲಿ, ಕೆಳಗಿನಿಂದ ಕಾಣದ ಹಾಗೆ, ಕಾಸಿದ ಕಬ್ಬಿಣದಿಂದ 2024 ಎಂದು ಸುಟ್ಟು ಬರೆಸಿದೆ. ಮುಂದೆ ಯಾರಾದರೂ ಬಿಚ್ಚಿದರೆ ಯಾವುದು ಅಜ್ಜಾರ ಕಾಲದ್ದು, ಯಾವುದು ನಮ್ಮದು ಎಂದು ತಡಕಾಡಬಾರದು.

ಮೇ 16, ಕೃತ್ತಿಕಾ ಮಳೆ. ಈ ಸೀಮೆಯಲ್ಲಿ ಕೃತ್ತಿಕಾ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆ ವರ್ಷ ಬಂತು. ಒಳಮನೆಯ ಮೇಲೆ ಆಗ ಬರೀ ಜಂತಿ ಇದ್ದವು. ಸಂಜೆ ಆರಕ್ಕೆ ಗಾಳಿ ಎದ್ದು ತಾಡಪತ್ರಿಯ ಒಂದು ಮೂಲೆಯ ಹಗ್ಗ ಹರಿದು, ತಾಡಪತ್ರಿ ಬೇವಿನ ಮರಕ್ಕೆ ಹೋಗಿ ಸಿಕ್ಕಿಕೊಂಡಿತು. ಕೆಳಗೆ ಪೆನ್ಸಿಲಿನ ಗೋಡೆ. ಪ್ರಸಾದನಿಲಯದ ಹುಡುಗರು ಊಟದ ತಟ್ಟೆ ಬಿಟ್ಟು ಓಡಿ ಬಂದರು. ಕಪಾಟಿನ ಎರಡು ಬಾಗಿಲು ಕಳಚಿ ಗೋಡೆಗೆ ಇಳಿಜಾರಾಗಿ ಒರಗಿಸಿ, ಅದರ ಮೇಲೆ ಹಾಸಿಗೆಯ ಪ್ಲಾಸ್ಟಿಕ್ ಕವರು ಹೊದಿಸಿ, ನಾಲ್ಕು ಜನ ಒಂದೂಕಾಲು ತಾಸು ಹಿಡಿದು ನಿಂತರು. ನೆಲದಲ್ಲಿ ಪಾದ ಮುಳುಗುವಷ್ಟು ಕೆಸರು. ಗೋಡೆಗೆ ಎಡ ಮೂಲೆಯಲ್ಲಿ ಒಂದು ಗೇಣು ನೀರಿನ ಗೆರೆ ಬಿತ್ತು, ಅಷ್ಟೇ. ಅದೇ ಕಪಾಟು ಎರಡನೆಯ ಸಲ ಆ ಗೋಡೆಯನ್ನು ಕಾಯಿತು. ಮೂಲದಲ್ಲಿ ಅದು ಅಜ್ಜಾರದ್ದಲ್ಲವಾದ್ದರಿಂದ ಹೊರಗೆ ಹಾಕಬೇಕೆಂದಿದ್ದೆ. ಮನಸ್ಸು ಬದಲಾಯಿಸಿ ಪಡಸಾಲೆಯಲ್ಲಿ ಇಟ್ಟಿದ್ದೇನೆ.

ಬಣ್ಣ, ಬಟ್ಟೆ, ಬುಕ್ಕು

ಕಂಬಗಳಿಗೆ ಹಳೆಯ ಎನಾಮಲ್ ಬಣ್ಣ, ಐದು ಪದರ. ಬಿಸಿ ಗಾಳಿಯ ಗನ್ನಿನಿಂದ ಸುಲಿಯುವುದು ಸುಲಭ, ಆದರೆ ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ, ಕಾಸಿದರೆ ಹೊಗೆಯ ಜೊತೆ ಪುಪ್ಪುಸಕ್ಕೆ. ನಮ್ಮ ದೇಶದಲ್ಲಿ ಮನೆಯ ಬಣ್ಣಗಳ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮಿತಿ ಹಾಕಿದ ನಿಯಮ ಬಂದದ್ದೇ 2016ರಲ್ಲಿ. ಹಾಗಾಗಿ ಬಣ್ಣ ಕರಗಿಸುವ ಲೇಪ ಹಚ್ಚಿ, ಒದ್ದೆಯಾಗಿರುವಾಗಲೇ ಕೆರೆದು, ಸಿಪ್ಪೆಯನ್ನೆಲ್ಲ ಚೀಲ ಕಟ್ಟಿದೆವು. ಒಳಗೆ ಬರೀ ಎಣ್ಣೆ ಕುಡಿದ ಮರ. ಅಗಸೆ ಎಣ್ಣೆ ಒಂದು ಕೈ ಒರೆಸಿ ಬಿಟ್ಟೆ.

ವಸ್ತುಗಳು ಕಮ್ಮಿ: ಎರಡು ಕಾವಿ ಶಾಟಿ, ಹಾವುಗೆ, ದಾರ ಕಟ್ಟಿದ ಕನ್ನಡಕ, ಒಂದು ಲಾಟೀನು, ಪ್ರಸಾದನಿಲಯದ ಏಳು ಲೆಕ್ಕದ ಬುಕ್ಕು. ಬುಕ್ಕುಗಳಿಗೆ ಬೆಳ್ಳಿಹುಳ ಹತ್ತಿತ್ತು. ಔಷಧ ಹೊಡೆಯದೆ ಹುಳ ಸಾಯಿಸಲು ಗಟ್ಟಿಯಾಗಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಎರಡು ವಾರ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ ಇಡಬೇಕು. ಅಷ್ಟು ತಣ್ಣನೆಯ ಜಾಗ ನಮ್ಮ ಊರಲ್ಲಿ ಒಂದೇ, ಐಸ್‌ಕ್ರೀಮ್ ಅಂಗಡಿಯ ಫ್ರೀಜರು. ಅಂಗಡಿಯವ ಬುಕ್ಕಿನ ಕಟ್ಟಿಗೆ ಕೈ ಮುಗಿದು ಕೋನ್‌ಗಳ ಪಕ್ಕ ಜಾಗ ಮಾಡಿಕೊಟ್ಟ. ಹೊರತೆಗೆದ ಮೇಲೆ ಒಂದು ದಿನ ಪ್ಲಾಸ್ಟಿಕ್ ಬಿಚ್ಚಬಾರದು, ಇಲ್ಲದಿದ್ದರೆ ಕಾಗದದ ಮೇಲೆ ನೀರು ಕೂರುತ್ತದೆ. ಬಿಚ್ಚಿ ಓದಿದಾಗ ಗೋಡೆಯ ‘ಳ’ ಮತ್ತು ಬುಕ್ಕಿನ ‘ಳ’ ಒಂದೇ, ಬಾಲ ಒಳಕ್ಕೆ ಸುತ್ತಿದ್ದು. ಗೋಡೆಯ ಲೆಕ್ಕ ಅಜ್ಜಾರ ಕೈಯದು ಎಂದು ನಾನು ಧೈರ್ಯವಾಗಿ ಹೇಳುವುದು ಇದರ ಬಲದಿಂದ.

ಕಾವಿ ಬಟ್ಟೆಯನ್ನು ಮಡಚಿಟ್ಟರೆ ಮಡಿಕೆಯಲ್ಲಿ ಹರಿಯುತ್ತದೆ. ಹಲವು ಸಲ ಒಗೆದ ಬಿಳಿ ಹತ್ತಿ ಬಟ್ಟೆಯ ಜೊತೆ ದಪ್ಪ ಕೊಳವೆಗೆ ಸುತ್ತಿಟ್ಟೆವು. ಒಂದನ್ನು ಮಾತ್ರ ಹಾಸಿ ತೋರಿಸುತ್ತೇವೆ, ಆರು ತಿಂಗಳಿಗೊಮ್ಮೆ ಅದಲು ಬದಲು. ಬೆಳಕು 50 ಲಕ್ಸ್ ದಾಟದಂತೆ ಕಿಟಕಿಗೆ ಖಾದಿ ಪರದೆ. ‘ಏನೂ ಕಾಣಂಗಿಲ್ಲ’ ಎಂಬ ದೂರು ದಿನಾ ಬರುತ್ತದೆ. ಎರಡು ನಿಮಿಷ ಕೂತರೆ ಕಣ್ಣು ಹೊಂದಿಕೊಳ್ಳುತ್ತದೆ, ಕೂರಲಿ.

ನಂದಾದೀಪದ ಜಗಳ ಎರಡು ವಾರ ನಡೆಯಿತು. ಒಳಮನೆಯಲ್ಲಿ ಎಣ್ಣೆ ದೀಪ ಉರಿದರೆ ಮಸಿ ಗೋಡೆಗೆ, ಬಟ್ಟೆಗೆ, ಕಾಗದಕ್ಕೆ. ದೀಪವಿಲ್ಲದ ಗುರುವಿನ ಮನೆಯೇ ಎಂದು ಹೆಣ್ಣುಮಕ್ಕಳು ಕೇಳಿದ್ದರಲ್ಲಿ ಸುಳ್ಳಿಲ್ಲ. ಕಡೆಗೆ ಹೊರಗೋಡೆಯಲ್ಲಿ ಮೊದಲಿನಿಂದ ಇದ್ದ ದೀಪದ ಗೂಡನ್ನು ಕೆರೆದು ತೆಗೆದೆವು. ನನ್ನ ಸಿಮೆಂಟು ಅದನ್ನೂ ಮುಚ್ಚಿತ್ತು, ಒಳಗೆ ಹಳೆಯ ಮಸಿ ಹಾಗೇ ಇತ್ತು. ದೀಪ ಈಗ ಅಲ್ಲಿ. ಹೊಸ್ತಿಲ ಬಳಿ ವಿಭೂತಿಯ ಬಟ್ಟಲು, ಹಚ್ಚಿಕೊಳ್ಳುವವರು ಅಲ್ಲೇ ಹಚ್ಚಿಕೊಂಡು ಒಳಗೆ ಬರಬೇಕು. ಗೋಡೆಯ ಮುಂದೆ ಗಾಜು ಹಾಕಿಲ್ಲ, ತೇವ ಹಿಡಿದುಕೊಳ್ಳುತ್ತದೆ. ಮೊಣಕಾಲೆತ್ತರದ ಮರದ ಅಡ್ಡಪಟ್ಟಿ ಇದೆ, ಕೈ ಚಾಚಿದರೆ ಒಂದು ಗೇಣು ಕಡಿಮೆ ಬೀಳುವಷ್ಟು ದೂರ.

ಅಜ್ಜಾರು ಕೂರುತ್ತಿದ್ದ ಜಾಗದಲ್ಲಿ ಗದ್ದುಗೆಯೊಂದನ್ನು ಮಾಡಿಸುವ ಯೋಚನೆಯೂ ಇತ್ತು, ಮರ ಕೂಡ ಬಂದಿತ್ತು. ಎಲ್ಲಿ ಊಹೆ ಶುರುವಾಗುತ್ತದೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎನ್ನುತ್ತದೆ ಹಳೆಯ ಕಟ್ಟಡ ಉಳಿಸುವ ಬಗ್ಗೆ ಹಲವು ದೇಶಗಳ ತಜ್ಞರು ಒಪ್ಪಿದ 1964ರ ವೆನಿಸ್ ಸನ್ನದು. ಸನ್ನದು ಹೇಳಿದರೆ ಯಾರು ಕೇಳುತ್ತಾರೆ? ಬೆನ್ನಿನ ನುಣುಪು ನೆಲಮಟ್ಟದಿಂದ ಶುರುವಾಗಿದೆ, ಅವರು ಕೂತದ್ದು ನೆಲದ ಮೇಲೆ ಎಂದು ತೋರಿಸಿದೆ. ಸ್ವಾಮಿಗಳು ಅಲ್ಲೇ ನೆಲಕ್ಕೆ ಕೂತು, ಬೆನ್ನು ತಾಗಿಸದೆ ಅಳತೆ ನೋಡಿ, ಎದ್ದರು. ಗದ್ದುಗೆಯ ಮರ ಪ್ರಸಾದನಿಲಯದ ಬೆಂಚಾಯಿತು.

ಜೂನ್

ಮೃಗಶಿರಾ ಹಿಡಿದ ಐದನೆಯ ದಿನ ಬೆಳಕಿಂಡಿಯ ಪಕ್ಕ ಸೋರಿತು. ಹಳೆಯ ಬೆಳಕಿಂಡಿಯ ಕಲ್ಲಿನ ಸುತ್ತ ಮಣ್ಣು ಕೂತು ಎರಡು ಬೆರಳು ಇಳಿದಿತ್ತು, ಹೊಸ ಮಾಳಿಗೆ ಮೊದಲ ಮಳೆಗೆ ಕೂರುವುದು ಸಹಜ. ನಾನು ಹೋಗುವಷ್ಟರಲ್ಲಿ ಪ್ರಸಾದನಿಲಯದ ಹುಡುಗನೊಬ್ಬ ಏಣಿ ಹಾಕಿ ಏರಿ, ಕರಲು ತುಂಬಿ, ಹಿಮ್ಮಡಿಯಿಂದ ತುಳಿದು ಇಳಿದಿದ್ದ. ಮಾಳಿಗೆಯ ಪಾಳಿ ಹಾಕಿದ್ದೇವೆ, ವಾರಕ್ಕೆ ಇಬ್ಬರು. ಹುಲ್ಲು ಮೊಳೆತರೆ ಕೀಳುವುದು, ಮೇಲೆ ಮಣ್ಣು ಹಾಕುವ ಮೊದಲು ಅಷ್ಟೇ ಹಳೆಯದನ್ನು ಕೆರೆದು ಇಳಿಸುವುದು. ಅದಕ್ಕೊಂದು ಎಂಟನೆಯ ಬುಕ್ಕು ಮಾಡಿದ್ದೇವೆ. ಮೊದಲ ಸಾಲು ಅವನ ಕೈಬರಹದಲ್ಲಿದೆ: ‘ಜೂನ್ 12. ಬೆಳಕಿಂಡಿ, ತೆಂಕಣ ಮೂಲೆ. ಕರಲು ಒಂದು ಬುಟ್ಟಿ. ಹಳೇದು ತೆಗೆದದ್ದು ಮುಕ್ಕಾಲು ಬುಟ್ಟಿ.’